ಹಸಿರಿಲ್ಲದ ಕಾಡು: ಮೈಸೂರಿನ ಬೀಟೆ ಚಿತ್ರಗಳ ಕಥೆ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಕರಕುಶಲ ಮಳಿಗೆಗಳಿಗೆ ಒಮ್ಮೆಯಾದರೂ ಹೊಕ್ಕವರು ಈ ಚಿತ್ರವನ್ನು ಕಂಡೇ ಇರುತ್ತಾರೆ. ದಟ್ಟ ಕಾಡು, ನಡುವೆ ಒಂದು ಹೊಳೆ, ನೀರಿಗೆ ಇಳಿಯುತ್ತಿರುವ ಆನೆಗಳ ಹಿಂಡು, ತಾಯಿಯ ಕಾಲಿಗೆ ಒತ್ತಿ ನಿಂತ ಮರಿ, ಹಿಂದೆ ಗುಡ್ಡಗಳ ಸಾಲು, ಅದರ ಮೇಲೆ ಸಂಜೆಯ ಬಾನು. ದೂರದಿಂದ ನೋಡಿದರೆ ಕುಂಚದಿಂದ ಬರೆದ ಚಿತ್ರ ಎನಿಸುತ್ತದೆ. ಹತ್ತಿರ ಹೋಗಿ ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ: ಅಲ್ಲಿ ಒಂದು ತೊಟ್ಟು ಬಣ್ಣವೂ ಇಲ್ಲ. ಆನೆ ಒಂದು ಮರ, ಹೊಳೆ ಇನ್ನೊಂದು ಮರ, ಆಕಾಶ ಮತ್ತೊಂದು ಮರ. ನೂರಾರು ಚಿಕ್ಕ ತುಂಡುಗಳನ್ನು ಸಂದು ಕಾಣದಂತೆ ಕೂರಿಸಿ ಉಜ್ಜಿದ ಹಲಗೆ ಅದು. ಇದೇ ಮೈಸೂರಿನ ಹೆಸರು ಹೊತ್ತ ಬೀಟೆ ಮರದ ಇನ್‌ಲೇ ಕಲೆ.

ಈ ಚಿತ್ರಗಳಲ್ಲಿ ಒಂದು ವಿಚಿತ್ರವಿದೆ. ಅವುಗಳಲ್ಲಿ ಕಾಡು ಧಾರಾಳವಾಗಿದೆ, ಆದರೆ ಹಸಿರು ಮಾತ್ರ ಕಾಣುವುದಿಲ್ಲ. ಎಲೆಗಳು ಕಂದು, ಹುಲ್ಲು ಹಳದಿ, ನೀರು ಕೆನೆಬಣ್ಣ. ಯಾವ ಹೊತ್ತಿನ ದೃಶ್ಯವಾದರೂ ಅದರ ಮೇಲೆ ಮುಸ್ಸಂಜೆಯ ಬೆಳಕು ಬಿದ್ದಂತೆ ತೋರುತ್ತದೆ. ಕಾರಣ ಸರಳ. ಮರ ಬದುಕಿರುವಾಗ ಹಸಿರನ್ನು ಎಲೆಯಲ್ಲಿ ಇಟ್ಟುಕೊಂಡಿರುತ್ತದೆ. ಕಾಂಡದೊಳಗೆ ಹಸಿರನ್ನೂ ನೀಲಿಯನ್ನೂ ಹೊತ್ತ ಮರಗಳು ತೀರ ಅಪರೂಪ. ಇನ್‌ಲೇ ಕಲಾವಿದನಿಗೆ ದೊರೆಯುವುದು ಕಾಂಡ ಕೊಟ್ಟಷ್ಟೇ ಬಣ್ಣ. ಬೇರೆ ಕಲಾವಿದರು ನಿಸರ್ಗವನ್ನು ನೋಡಿ ಚಿತ್ರ ಬರೆಯುತ್ತಾರೆ. ಈತ ನಿಸರ್ಗದಿಂದಲೇ ತುಂಡುಗಳನ್ನು ಎತ್ತಿಕೊಂಡು ಚಿತ್ರ ಕಟ್ಟುತ್ತಾನೆ. ಹೀಗಾಗಿ ಈ ಕಲೆಯ ಚರಿತ್ರೆಯೂ ನಮ್ಮ ಕಾಡುಗಳ ಚರಿತ್ರೆಯೂ ಬೇರೆ ಬೇರೆಯಾಗಿ ನಡೆದಿಲ್ಲ. ಕಾಡಿಗೆ ಏನಾಯಿತೋ ಅದು ಒಂದೆರಡು ದಶಕ ತಡವಾಗಿಯಾದರೂ ಈ ಹಲಗೆಗಳ ಮೇಲೆ ಬಂದು ಮೂಡಿದೆ.

ಬಣ್ಣವೆಂದರೆ ವಯಸ್ಸು

ಮರಕ್ಕೆ ಬಣ್ಣ ಬರುವುದು ಹೇಗೆ ಎಂಬುದನ್ನು ಅರಿತರೆ ಈ ಕಲೆಯ ಕಷ್ಟಸುಖಗಳು ಅರ್ಧ ತಿಳಿದಂತೆ. ಕಾಂಡದ ಹೊರಸುತ್ತಿನ ಮರ ಸಾಮಾನ್ಯವಾಗಿ ಬಿಳಿಚಿಕೊಂಡಿರುತ್ತದೆ. ಬೇರು ಹೀರಿದ ನೀರು ಮೇಲಕ್ಕೆ ಏರುವುದು ಈ ಭಾಗದಲ್ಲಿ. ವರ್ಷಗಳು ಉರುಳಿದಂತೆ ಒಳಗಿನ ಜೀವಕೋಶಗಳು ಸತ್ತು, ಅವುಗಳಲ್ಲಿ ಟ್ಯಾನಿನ್, ರಾಳ ಮುಂತಾದ ದ್ರವ್ಯಗಳು ತುಂಬಿಕೊಳ್ಳುತ್ತವೆ. ಹುಳು, ಬೂಷ್ಟುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಮರ ಮಾಡಿಕೊಳ್ಳುವ ಏರ್ಪಾಡು ಇದು. ಹೀಗೆ ಗಟ್ಟಿಯಾಗಿ ಬಣ್ಣಗಟ್ಟಿದ ಒಳಭಾಗವನ್ನೇ ಜನ ಚೇಗು ಎನ್ನುತ್ತಾರೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ಇಟ್ಟ ನೀರು ಬೆಳಗಾಗುವಷ್ಟರಲ್ಲಿ ಬಣ್ಣ ತಿರುಗುವುದನ್ನು ಅನೇಕರು ಕಂಡಿದ್ದಾರೆ. ಚೇಗಿನಲ್ಲಿ ಅಡಗಿದ್ದ ದ್ರವ್ಯ ನೀರಿಗೆ ಇಳಿಯುವುದರ ಫಲ ಅದು. ಹಲಸಿನ ಚೇಗಿನ ಹಳದಿಯನ್ನು ಕುದಿಸಿ ತೆಗೆದು, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳು ತಮ್ಮ ಚೀವರಗಳಿಗೆ ಬಣ್ಣ ಕಟ್ಟುತ್ತಿದ್ದರು.

ಬೀಟೆಯ ಚೇಗು ಹೊಂಬಣ್ಣದ ಕಂದಿನಿಂದ ಹಿಡಿದು ನೇರಳೆ ಬೆರೆತ ಗಾಢ ಕಂದಿನವರೆಗೆ ನಾನಾ ಛಾಯೆಗಳಲ್ಲಿ ಇರುತ್ತದೆ. ಅದರೊಳಗೆ ಕಪ್ಪು ಗೆರೆಗಳು ಓಡಿರುತ್ತವೆ. ಹೊಸದಾಗಿ ಕೊಯ್ದಾಗ ಮೆಲುವಾಗಿ ಗುಲಾಬಿಯನ್ನು ನೆನಪಿಸುವ ಪರಿಮಳ. ಇಂಗ್ಲಿಷಿನಲ್ಲಿ ಅದಕ್ಕೆ ರೋಸ್‌ವುಡ್ ಎಂಬ ಹೆಸರು ಬಂದದ್ದು ಇದರಿಂದಲೇ. ತೊಗರಿ, ಹುರುಳಿಗಳ ಕುಟುಂಬಕ್ಕೆ ಸೇರಿದ ಈ ಮರ ಪಶ್ಚಿಮ ಘಟ್ಟದ ಎಲೆಯುದುರುವ ಕಾಡುಗಳಲ್ಲಿ, ಕೊಡಗು, ಹೆಗ್ಗಡದೇವನಕೋಟೆ, ಮಲೆನಾಡಿನ ಕಡೆಗಳಲ್ಲಿ ಬೆಳೆಯುತ್ತದೆ. ಬೆಳವಣಿಗೆ ಬಲು ನಿಧಾನ. ಎಳೆಯ ಬೀಟೆಯನ್ನು ಕಡಿದರೆ ಸಿಗುವುದು ಬಹುಪಾಲು ಬಿಳಿಯ ಹೊರಮರ. ಒಂದು ಅಗಲವಾದ ಕಪ್ಪುಗಂದು ಹಲಗೆ ಬೇಕಾದರೆ ಮರ ಹಲವು ದಶಕಗಳ ಮಳೆಬಿಸಿಲು ಕಂಡಿರಬೇಕು. ಅಂಗಡಿಯಲ್ಲಿ ಕೊಳ್ಳುವ ಬಣ್ಣದ ಕೊಳವೆಯನ್ನು ಕಾರ್ಖಾನೆ ಒಂದು ದಿನದಲ್ಲಿ ತುಂಬುತ್ತದೆ. ಇನ್‌ಲೇ ಚಿತ್ರದ ಆನೆಯ ಬೆನ್ನಿನ ಬಣ್ಣ ತಯಾರಾಗಲು ಎರಡು ಮೂರು ತಲೆಮಾರು ಹಿಡಿದಿರುತ್ತದೆ.

ಇದರ ಜೊತೆಗೆ ಇತರ ಮರಗಳು. ಎಬೊನಿ ಎಂದು ಹೆಸರಾದ ಕರಿಮರ ಅಚ್ಚ ಕಪ್ಪನ್ನು ಕೊಡುತ್ತದೆ. ಹಲಸು ಹಳದಿ, ಸಂಪಿಗೆ ತುಸು ಹಸಿರುಗೂಡಿದ ಕಂದು, ತೇಗ ಹೊಂಬಣ್ಣ, ಮಾವು, ರಬ್ಬರ್ ಮುಂತಾದವು ಮಸುಕು ಬಿಳಿ, ಕೆನೆಬಣ್ಣಗಳು. ಸಿಲ್ವರ್ ಓಕ್‌ನಲ್ಲಿ ಚುಕ್ಕೆಚುಕ್ಕೆಯ ಹೊಳಪಿರುತ್ತದೆ. ಇವುಗಳಲ್ಲಿ ಎಲ್ಲವೂ ಈ ನೆಲದವಲ್ಲ ಎಂಬುದು ಗಮನಿಸತಕ್ಕದ್ದು. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದು ಕಾಫಿ ತೋಟಗಳಲ್ಲಿ ನೆರಳಿಗೆ ನಿಂತ ಮರ. ರಬ್ಬರ್ ಬ್ರೆಜಿಲ್ ಮೂಲದ್ದು. ಚಿತ್ರದಲ್ಲಿ ಕಾಕನಕೋಟೆಯ ಆನೆಯೇ ಇರಬಹುದು, ಅದರ ಹಿಂದಿನ ಬಾನು ಮಾತ್ರ ಕಡಲಾಚೆಯ ಮರದ್ದಾಗಿರಬಹುದು.

ಎಳೆ ನೋಡುವ ಕಣ್ಣು

ಕೆಲಸ ಶುರುವಾಗುವುದು ಕಾಗದದ ಮೇಲೆ. ಚಿತ್ರವನ್ನು ಗೆರೆಗಳಲ್ಲಿ ಬರೆದು, ಅದರ ಪ್ರತಿ ತೆಗೆದು, ಯಾವ ಭಾಗ ಯಾವ ಮರ ಎಂದು ಗುರುತು ಹಾಕುತ್ತಾರೆ. ನಂತರ ತೆಳುವಾಗಿ ಸೀಳಿದ ಮರದ ಮೇಲೆ ಆ ಕಾಗದದ ತುಂಡುಗಳನ್ನು ಅಂಟಿಸಿ, ಕೂದಲೆಳೆಯಂಥ ಅಲಗಿನ ಗರಗಸದಿಂದ ಕತ್ತರಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಬೀಟೆಯ ಗಟ್ಟಿ ಹಲಗೆಯನ್ನೇ ಉಳಿಯಿಂದ ತೋಡಿ, ತೋಡಿದ ಗುಳಿಯಲ್ಲಿ ತುಂಡನ್ನು ಅಂಟು ಹಾಕಿ ಕೂರಿಸುತ್ತಿದ್ದರು. ಎಲ್ಲವೂ ಒಣಗಿದ ಮೇಲೆ ಉಪ್ಪು ಕಾಗದದಿಂದ ಉಜ್ಜಿ ಮೇಲ್ಮೈಯನ್ನು ಸಮ ಮಾಡುವುದು. ಕಣ್ಣು, ಮೂಗು, ಸೀರೆಯ ನಿರಿಗೆ, ಆನೆಯ ಚರ್ಮದ ಸುಕ್ಕು ಇವನ್ನೆಲ್ಲ ಚೂಪಾದ ಉಳಿಯಿಂದ ಗೀರಿ, ಗೀರಿನೊಳಗೆ ಕಪ್ಪು ತುಂಬುತ್ತಾರೆ. ಕೊನೆಯದು ಪಾಲಿಶ್. ಸಾಂಪ್ರದಾಯಿಕವಾಗಿ ಬಳಸುವುದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡಿದ ಫ್ರೆಂಚ್ ಪಾಲಿಶ್. ಅರಗು ಎಂಬುದೂ ಮರದ ಕೊಂಬೆಗಳ ಮೇಲೆ ಬಾಳುವ ಒಂದು ಪುಟ್ಟ ಕೀಟದ ಸ್ರಾವವೇ.

ಇಷ್ಟು ಹೇಳಿದರೆ ಕೈಕೆಲಸದ ವಿವರಣೆ ಆಯಿತೇ ಹೊರತು ಕಲೆಯ ಮಾತು ಬರಲಿಲ್ಲ. ಅದು ಇರುವುದು ಆಯ್ಕೆಯಲ್ಲಿ. ಒಂದೇ ಮರದ ಎರಡು ಹಲಗೆಗಳು ಒಂದೇ ರೀತಿ ಇರುವುದಿಲ್ಲ. ಒಂದರಲ್ಲಿ ಎಳೆಗಳು ನೇರವಾಗಿ ಓಡಿದರೆ ಇನ್ನೊಂದರಲ್ಲಿ ಗಂಟಿನ ಸುತ್ತ ಸುಳಿಯುತ್ತವೆ. ನುರಿತ ಕಲಾವಿದ ಆ ಸುಳಿಯನ್ನು ಹೊಳೆಯ ಮಡುವಿಗೆ ಎತ್ತಿಡುತ್ತಾನೆ. ಪಟ್ಟೆಪಟ್ಟೆಯಾದ ತುಂಡನ್ನು ಉತ್ತ ಹೊಲಕ್ಕೆ, ಮೋಡದಂತೆ ಹರಡಿದ ಎಳೆಯನ್ನು ಬಾನಿಗೆ. ಚೇಗು ಮತ್ತು ಹೊರಮರ ಕೂಡುವ ಜಾಗದಲ್ಲಿ ಕಂದು ಮೆಲ್ಲಗೆ ಬಿಳಿಗೆ ತಿರುಗುತ್ತದೆ. ಗುಡ್ಡದ ನೆತ್ತಿಯ ಮೇಲೆ ಬೀಳುವ ಬೆಳಕನ್ನು ತೋರಿಸಲು ಇದಕ್ಕಿಂತ ಒಳ್ಳೆಯ ತುಂಡು ಸಿಗಲಾರದು. ಸಾಮಾನ್ಯ ಬಡಗಿ ದೋಷವೆಂದು ಬದಿಗೆ ಎಸೆಯುವ ಗಂಟು, ಕಲೆ, ಬಿರುಕುಗಳು ಇಲ್ಲಿ ಬೆಲೆ ಪಡೆಯುತ್ತವೆ. ಆನೆಯ ಸೊಂಡಿಲಿಗೆ ಎಳೆ ಅಡ್ಡಲಾಗಿ ಬಂದರೆ ಸೊಂಡಿಲು ಮುರಿದಂತೆ ಕಾಣುತ್ತದೆ. ಉದ್ದಕ್ಕೆ ಬಂದರೆ ಚಲಿಸಿದಂತೆ ಕಾಣುತ್ತದೆ. ಯಾವುದೂ ಶಾಶ್ವತವಲ್ಲ ಎಂಬುದನ್ನೂ ಕಲಾವಿದ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಲಸಿನ ಹಳದಿ ವರ್ಷಗಳು ಕಳೆದಂತೆ ಕಂದಿಗೆ ತಿರುಗುತ್ತದೆ. ಬೀಟೆ ಇನ್ನಷ್ಟು ಗಾಢವಾಗುತ್ತದೆ. ಚಿತ್ರ ಗೋಡೆಗೇರಿದ ಮೇಲೂ ಮಾಗುತ್ತಲೇ ಇರುತ್ತದೆ.

ಮೈಸೂರಿಗೆ ಹೆಸರು ತಂದ ಸಾಂಪ್ರದಾಯಿಕ ಚಿತ್ರಕಲೆಯೊಡನೆ ಇದನ್ನು ಹೋಲಿಸಿ ನೋಡಬಹುದು. ಆ ಚಿತ್ರಗಾರರೂ ನಿಸರ್ಗವನ್ನೇ ನೆಚ್ಚಿದವರು. ಹುಣಸೆಯ ನೇರವಾದ ಕಡ್ಡಿಗಳನ್ನು ಸುಟ್ಟು ಇದ್ದಿಲ ಲೇಖನಿ ಮಾಡಿಕೊಂಡರು. ಅಳಿಲಿನ ಕೂದಲಿನಿಂದ ಕುಂಚ ಕಟ್ಟಿದರು. ಎಲೆ, ಹೂವು, ಕಲ್ಲುಗಳಿಂದ ಬಣ್ಣ ತೆಗೆದರು. ಚಿನ್ನದ ರೇಕು ಅಂಟಿಸುವ ಉಬ್ಬುಕೆಲಸಕ್ಕೆ ಸಫೇದ ಮತ್ತು ಮರದ ಅಂಟುಗಳನ್ನು ಅರೆದರು. ಆದರೆ ಅಲ್ಲಿ ಎಲೆಯನ್ನು ಅರೆದ ಮೇಲೆ ಎಲೆ ಇಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ಒಂದು ಎಲೆ ಸಿಗದಿದ್ದರೆ ಅದೇ ಬಣ್ಣವನ್ನು ಇನ್ನೊಂದರಿಂದ ತೆಗೆಯಬಹುದು. ಇನ್‌ಲೇಯಲ್ಲಿ ಮರ ಮರವಾಗಿಯೇ ಉಳಿಯುತ್ತದೆ. ಆದ್ದರಿಂದ ಮರ ಹೋದರೆ ಬಣ್ಣವೂ ಹೋದಂತೆಯೇ.

ಅರಮನೆಯ ಬಾಗಿಲುಗಳು

ಒಂದು ವಸ್ತುವಿನೊಳಗೆ ಇನ್ನೊಂದನ್ನು ಕೂರಿಸಿ ಅಲಂಕರಿಸುವುದು ಬಹು ಹಳೆಯ ವಿದ್ಯೆ. ಈಜಿಪ್ಟಿನ ದೊರೆ ಟೂಟಾಂಖಾಮನ್‌ನ ಗೋರಿಯಲ್ಲಿ ಸಿಕ್ಕ ಪೆಟ್ಟಿಗೆಗಳಲ್ಲಿಯೇ ಕರಿಮರ ಮತ್ತು ದಂತದ ಜೋಡಣೆ ಇದೆ. ಮೈಸೂರಿನ ಸುತ್ತ ಇದರ ಹಳೆಯ ಮಾದರಿ ಕಾಣಬೇಕೆಂದರೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಬೇಕು. 1782ರಲ್ಲಿ ತೀರಿಕೊಂಡ ತಂದೆ ಹೈದರಾಲಿಗಾಗಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಸಮಾಧಿಗೆ ಕರಿಮರದಲ್ಲಿ ದಂತ ಕೂರಿಸಿದ ಬಾಗಿಲುಗಳಿವೆ. ಈಗಿರುವ ಬಾಗಿಲುಗಳು ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಾಲ್‌ಹೌಸಿ ಕೊಟ್ಟವು. ಕಪ್ಪಿನ ಮೇಲೆ ಬಿಳಿ: ಆ ಕಾಲದ ಇನ್‌ಲೇಯ ಸೌಂದರ್ಯವೆಲ್ಲ ಈ ಎರಡು ಬಣ್ಣಗಳ ವೈದೃಶ್ಯದಲ್ಲಿತ್ತು.

ಮೈಸೂರು ಅರಮನೆಯಲ್ಲಿ ಇದೇ ರುಚಿ ಮುಂದುವರಿಯಿತು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. 1912ರಲ್ಲಿ ಮುಗಿದ ಆ ಕಟ್ಟಡದ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲು ಇಂದಿಗೂ ಪ್ರವಾಸಿಗಳನ್ನು ನಿಲ್ಲಿಸಿ ನೋಡಿಸುತ್ತದೆ. ಬೆಂಕಿಗೆ ಹೆದರಿ ಹೊಸ ಅರಮನೆಯನ್ನು ಕಲ್ಲು, ಕಬ್ಬಿಣಗಳಿಂದ ಕಟ್ಟಿದರೂ ಬಾಗಿಲು, ಚಾವಣಿಗಳಲ್ಲಿ ಮರಕ್ಕೆ ಗೌರವದ ಸ್ಥಾನ ತಪ್ಪಲಿಲ್ಲ.

ರಾಜಾಶ್ರಯ ಎಂದರೆ ಅರಮನೆಯ ಕೆಲಸ ಮಾತ್ರ ಎಂದು ತಿಳಿಯಬೇಕಿಲ್ಲ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಮೊದಲಾದ ದಸರಾ ವಸ್ತುಪ್ರದರ್ಶನ ಕುಶಲಕರ್ಮಿಗಳಿಗೆ ಊರ ಜನರ ಕಣ್ಣು ಸೆಳೆಯುವ ಅವಕಾಶ ಕೊಟ್ಟಿತು. ಅವರ ಹೆಸರಿನಲ್ಲಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದ್ದುನಿಂತ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರಗೆಲಸ, ಕೆತ್ತನೆಗಳನ್ನು ತರಗತಿಯ ಪಾಠವನ್ನಾಗಿ ಮಾಡಿತು. ಅತ್ತ ಮಂಡಿ ಮೊಹಲ್ಲದ ಓಣಿಗಳಲ್ಲಿ ತಂದೆಯಿಂದ ಮಗನಿಗೆ ವಿದ್ಯೆ ದಾಟುತ್ತ ಬಂತು. ಈ ಕಸುಬಿನವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಅವರ ಕೈಯಿಂದ ಜಂಬೂಸವಾರಿ, ಚಿನ್ನದ ಅಂಬಾರಿ, ಗೀತೋಪದೇಶ, ಕೊಳಲೂದುವ ಕೃಷ್ಣ ಮೂಡುತ್ತ ಬಂದಿರುವುದು ಮೈಸೂರಿನ ದಿನದಿನದ ಬದುಕಿನ ಒಂದು ಸಹಜ ಸಂಗತಿ. ಸ್ವಾತಂತ್ರ್ಯದ ಬಳಿಕ ಅರಮನೆಯ ಜಾಗದಲ್ಲಿ ಸರ್ಕಾರ ಬಂತು. 1964ರಲ್ಲಿ ಆರಂಭವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ತನ್ನ ‘ಕಾವೇರಿ’ ಮಳಿಗೆಗಳ ಮೂಲಕ ಈ ಚಿತ್ರಗಳನ್ನು ಪ್ರವಾಸಿಗಳ ಮುಂದೆ ಇಟ್ಟಿತು. ಬಾಗಿಲು, ಮೇಜುಗಳ ಅಲಂಕಾರವಾಗಿದ್ದ ಕೆಲಸ ಗೋಡೆಗೆ ತೂಗುವ ಚಿತ್ರವಾಗಿ ಹರಡಿತು.

ಆನೆಯ ಚಿತ್ರಕ್ಕೆ ಆನೆಯ ದಂತ

ಈ ಏಳಿಗೆಯ ನಡುವೆಯೇ ಒಂದು ಇಕ್ಕಟ್ಟು ಬೆಳೆಯುತ್ತಿತ್ತು. ಮೈಸೂರು ಸೀಮೆಯಲ್ಲಿ ಆನೆ ಬರಿಯ ಕಾಡುಪ್ರಾಣಿಯಾಗಿರಲಿಲ್ಲ. ದಸರೆಯಲ್ಲಿ ಅದು ಅಂಬಾರಿ ಹೊತ್ತಿತು. ಕಾಡಿನಲ್ಲಿ ಮರ ಎಳೆಯಿತು. ಕಾಕನಕೋಟೆಯ ಖೆಡ್ಡಾಗಳಲ್ಲಿ ಹಿಂಡುಹಿಂಡಾಗಿ ಸೆರೆಯಾಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಇನ್‌ಲೇ ಕಲಾವಿದನಿಗೆ ಆನೆಯಷ್ಟು ಪ್ರಿಯವಾದ ವಸ್ತು ಇನ್ನೊಂದಿರಲಿಲ್ಲ. ಆದರೆ ಚಿತ್ರದಲ್ಲಿ ಬಿಳಿ ಬೇಕಾದ ಕಡೆಯಲ್ಲೆಲ್ಲ ಆತ ಬಳಸುತ್ತಿದ್ದುದೂ ಆನೆಯ ದಂತವನ್ನೇ. ಆನೆಯನ್ನು ಕೊಂಡಾಡುವ ಚಿತ್ರಕ್ಕೆ ಆನೆಯೇ ತನ್ನ ಅಂಗವನ್ನು ತೆರಬೇಕಾಗಿತ್ತು.

ಆಫ್ರಿಕದ ಆನೆಗಳಲ್ಲಿ ಗಂಡು, ಹೆಣ್ಣು ಎರಡಕ್ಕೂ ದಂತವಿರುತ್ತದೆ. ನಮ್ಮ ಆನೆಗಳಲ್ಲಿ ಹೊರಗೆ ಚಾಚಿದ ದಂತ ಇರುವುದು ಗಂಡಿಗೆ ಮಾತ್ರ. ಹೀಗಾಗಿ ಕಳ್ಳಬೇಟೆಗಾರರ ಗುಂಡು ಬಿದ್ದದ್ದೆಲ್ಲ ಗಂಡಾನೆಗಳ ಮೇಲೆ. ದಕ್ಷಿಣ ಭಾರತದ ಕೆಲವು ಕಾಡುಗಳಲ್ಲಿ ಬೆಳೆದ ಗಂಡಾನೆಗಳ ಸಂಖ್ಯೆ ಹೆಣ್ಣಾನೆಗಳಿಗೆ ಹೋಲಿಸಿದರೆ ಆತಂಕ ಹುಟ್ಟಿಸುವಷ್ಟು ಇಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಕಾಡುಗಳಲ್ಲಿ ನಡೆಸಿದ ಅಧ್ಯಯನಗಳು ದಂತದ ಬೇಟೆಯಿಂದಾಗುವ ಹಾನಿಯನ್ನು ಲೋಕದ ಗಮನಕ್ಕೆ ತಂದವು. ಗಂಧದ ಕಳ್ಳನೆಂದು ಹೆಸರಾದ ವೀರಪ್ಪನ್ ಮೊದಲು ಕುಖ್ಯಾತನಾದದ್ದು ದಂತದ ಬೇಟೆಯಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಕಾನೂನು ಹಂತಹಂತವಾಗಿ ಬಿಗಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಆನೆ 1977ರಲ್ಲಿ ಸೇರಿತು. 1986ರ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. ಆಫ್ರಿಕದ ದಂತವೆಂಬ ನೆಪ ಇನ್ನೂ ಉಳಿದಿತ್ತು; 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ದೇಶದ ದಂತ ಕೆತ್ತನೆಗಾರರೆಲ್ಲ ಬೇರೆ ದಾರಿ ಹುಡುಕಬೇಕಾಯಿತು.

ಮೈಸೂರಿನ ಇನ್‌ಲೇಗೆ ಇದು ದೊಡ್ಡ ಪೆಟ್ಟು ಎಂದು ಆಗ ತೋರಿದರೆ ಆಶ್ಚರ್ಯವಿಲ್ಲ. ಆದರೆ ಕಲೆ ಸಾಯಲಿಲ್ಲ. ಬಣ್ಣಬಣ್ಣದ ಮರಗಳ ಜೋಡಣೆ ಅದಕ್ಕೂ ಮುಂಚೆಯೇ ಇತ್ತು. ದಂತ ಹೋದ ಮೇಲೆ ಅದೇ ಮುನ್ನೆಲೆಗೆ ಬಂತು. ಬಿಳಿಗೆ ಮಸುಕು ಮರಗಳು ಬಂದವು. ಹೊಳಪು ಬೇಕೆಂದವರು ಪ್ಲಾಸ್ಟಿಕ್ ಹಾಳೆಗೂ ಕೈ ಹಾಕಿದರು. ಕಪ್ಪುಬಿಳಿಯ ತೀಕ್ಷ್ಣ ವೈದೃಶ್ಯ ತಗ್ಗಿ, ಕಂದಿನ ಹತ್ತಾರು ಛಾಯೆಗಳ ಮೆಲುಬಣ್ಣದ ದೃಶ್ಯಚಿತ್ರ ಮೈಸೂರಿನ ಗುರುತಾಯಿತು. ಇಂದು ‘ಮೈಸೂರಿನ ಮರದ ಚಿತ್ರ’ ಎಂದೊಡನೆ ಕಣ್ಣಿಗೆ ಕಟ್ಟುವ ಆ ಮುಸ್ಸಂಜೆಯ ಬೆಳಕಿಗೆ, ಒಂದು ಪ್ರಾಣಿಯನ್ನು ಕಾಪಾಡಲು ಮಾಡಿದ ಕಾನೂನಿನ ಕೊಡುಗೆಯೂ ಇದೆ. ರೇಷ್ಮೆ, ಅಗರಬತ್ತಿ ಮುಂತಾದವುಗಳ ಜೊತೆಗೆ ಮೈಸೂರಿನ ಬೀಟೆ ಇನ್‌ಲೇ 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಾಗ ಅದರಲ್ಲಿ ದಂತದ ಪಾತ್ರ ಮುಗಿದು ಹೋಗಿತ್ತು.

ಈಗ ಬೀಟೆಯ ಸರದಿ

ಆನೆಯ ಪ್ರಶ್ನೆ ಬಗೆಹರಿಯಿತು ಎನ್ನುವಷ್ಟರಲ್ಲಿ ಹಲಗೆಯದೇ ಪ್ರಶ್ನೆ ಎದ್ದಿತು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಬೀಟೆ ಅಪಾಯದ ಅಂಚಿಗೆ ಸರಿದ ಮರಗಳ ಸಾಲಿನಲ್ಲಿದೆ. ಪೀಠೋಪಕರಣ, ವಾದ್ಯಗಳಿಗಾಗಿ ಜಗತ್ತಿನ ಬೇಡಿಕೆ ಹೆಚ್ಚಿದಂತೆ ಬೀಟೆಯ ಬಂಧುಗಳೆಲ್ಲ ಕಳ್ಳಸಾಗಣೆಗೆ ಗುರಿಯಾದವು. 2017ರ ಜನವರಿಯಿಂದ ಈ ಕುಲದ ಬಹುತೇಕ ಎಲ್ಲ ಮರಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟ್ಸ್’ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿದವು. ಹೊರದೇಶಕ್ಕೆ ಹೋಗುವ ಸಣ್ಣ ಮರದ ಪೆಟ್ಟಿಗೆಗೂ ಕಾಗದಪತ್ರಗಳ ಕಟ್ಟು ಬೇಕಾಯಿತು. ಇದರಿಂದ ಕರಕುಶಲ ವಸ್ತುಗಳ ರಫ್ತಿಗೆ ತೊಡಕಾಯಿತೆಂದು ಭಾರತ ವಾದಿಸಿತು. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ಸೇರಿದ ಸಮ್ಮೇಳನ, ಒಂದೊಂದು ವಸ್ತುವಿನಲ್ಲಿರುವ ಮರದ ತೂಕ 10 ಕಿಲೋ ಒಳಗಿದ್ದರೆ ಎಷ್ಟು ವಸ್ತುಗಳನ್ನಾದರೂ ಒಟ್ಟಾಗಿ ಕಳಿಸಬಹುದೆಂದು ಸ್ಪಷ್ಟಪಡಿಸಿತು. ಸಣ್ಣ ಕುಶಲಕರ್ಮಿಗೆ ಇದು ತುಸು ಉಸಿರು ಬಿಡುವ ಅವಕಾಶ.

ದೇಶದೊಳಗಿನ ಕಥೆ ಇನ್ನೂ ಹಳೆಯದು. ಬೀಟೆ ಕರ್ನಾಟಕದಲ್ಲಿ ಸರ್ಕಾರ ತನ್ನ ಹಿಡಿತದಲ್ಲಿ ಇಟ್ಟುಕೊಂಡು ಬಂದ ಮರ. ಖಾಸಗಿ ಜಮೀನಿನಲ್ಲಿ ನಿಂತಿದ್ದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಕಾಡನ್ನು ಉಳಿಸಲು ಇಂಥ ಬಿಗಿ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಬಿಗಿಯೊಂದರಿಂದಲೇ ಮರ ಹುಟ್ಟುವುದಿಲ್ಲ ಎಂಬುದಕ್ಕೆ ಮೈಸೂರಿನ ಹತ್ತಿರದಲ್ಲೇ ಒಂದು ಉದಾಹರಣೆಯಿದೆ. ಅದು ಶ್ರೀಗಂಧದ್ದು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ. ನಂತರದ ಅರಸರೂ ಸರ್ಕಾರಗಳೂ ಅದನ್ನೇ ಪಾಲಿಸಿದರು. ಹೊಲದ ಬದುವಿನಲ್ಲಿ ಗಂಧದ ಸಸಿ ಎದ್ದರೆ ರೈತನಿಗೆ ಸಿಗುತ್ತಿದ್ದುದು ಕಾವಲಿನ ಹೊಣೆ ಮತ್ತು ಕಳ್ಳರ ಭಯ. ಸಸಿಯನ್ನು ಚಿವುಟಿ ಹಾಕುವುದೇ ಅವನಿಗೆ ಲೇಸಾಗಿ ಕಂಡಿತು. 2001ರಲ್ಲಿ ರಾಜ್ಯದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಗಂಧದ ಮರದ ಒಡೆಯ ಎಂದಾದ ಮೇಲೆ ರೈತರು ಅದನ್ನು ಬೆಳೆಯಾಗಿ ನೋಡತೊಡಗಿದರು.

ಬೀಟೆಗೆ ಇದೇ ಮದ್ದು ಹತ್ತುತ್ತದೆಯೇ ಎಂಬುದು ಬೇರೆ ಮಾತು. ಬೀಟೆಯ ಚೇಗು ಕಟ್ಟಲು ಬೇಕಾದ ಕಾಲ ದೊಡ್ಡದು; ನೆಟ್ಟವನೇ ಅದರ ಫಲ ಉಣ್ಣುವ ಸಂಭವ ಕಡಿಮೆ. ಕಾಫಿ ತೋಟದ ಮಾಲೀಕನಿಗೆ ಬೇಗ ಬೆಳೆದು, ಸುಲಭವಾಗಿ ಕಡಿದು ಮಾರಬಹುದಾದ ಸಿಲ್ವರ್ ಓಕ್ ಹೆಚ್ಚು ಹಿತವಾಗಿ ಕಂಡರೆ ತಪ್ಪೆನ್ನಲಾಗದು. ತೋಟದಲ್ಲಿ ನಡೆದ ಈ ಬದಲಾವಣೆ ಮೈಸೂರಿನ ಕಾರ್ಯಾಗಾರಕ್ಕೂ ಬಂದಿದೆ. ಗಟ್ಟಿ ಬೀಟೆಯ ಹಲಗೆಯ ಬದಲು ಪ್ಲೈವುಡ್ ಮೇಲೆ ಬೀಟೆಯ ತೆಳು ಹಾಳೆ ಬಂದಿದೆ. ದೊಡ್ಡ ಮೇಜುಗಳಿಗಿಂತ ಗೋಡೆಯ ಚಿತ್ರ, ಚಿಕ್ಕ ಪೆಟ್ಟಿಗೆ, ತಟ್ಟೆಗಳು ಹೆಚ್ಚಿವೆ. ಕತ್ತರಿಸಿ ಉಳಿದ ಚೂರುಗಳನ್ನೂ ಎಸೆಯುವುದಿಲ್ಲ. ಇಂದು ಹಕ್ಕಿಯ ರೆಕ್ಕೆಗೆ ಸಾಲದ ತುಂಡು ನಾಳೆ ಅದರ ಕೊಕ್ಕಿಗೆ ಸಾಕು.

ಮಿತಿಯೇ ಗುಣ

ಬಣ್ಣ ಹಾಕಿದರೆ ತೀರಲಿಲ್ಲವೇ, ಇಷ್ಟೆಲ್ಲ ಪಾಡೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಹೊಸದೇನಲ್ಲ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಮರದ ತುಂಡುಗಳಿಂದ ಚಿತ್ರ ಕೂಡಿಸುವ ಕಲೆ ಉತ್ತುಂಗದಲ್ಲಿತ್ತು. ಉರ್ಬಿನೊದ ಅರಮನೆಯ ಒಂದು ಚಿಕ್ಕ ಓದುಕೋಣೆಯ ಗೋಡೆಯ ತುಂಬ, ಅರೆತೆರೆದ ಕಪಾಟುಗಳು, ಪುಸ್ತಕಗಳು, ವಾದ್ಯಗಳು ನಿಜವೆಂಬಂತೆ ಮರದಲ್ಲೇ ಮೂಡಿವೆ. ಅಲ್ಲಿನ ಕುಶಲಿಗಳಿಗೂ ಹಸಿರು ಸಿಗದೆ ಕಾಡಿತ್ತು. ಅವರು ಹುಡುಕಿಕೊಂಡ ದಾರಿ ಸೊಗಸಾಗಿದೆ. ಕಾಡಿನಲ್ಲಿ ಬಿದ್ದ ಮರಕ್ಕೆ ಹತ್ತುವ ಒಂದು ಜಾತಿಯ ಬೂಷ್ಟು ಮರದೊಳಗೆಲ್ಲ ನೀಲಿ ಬೆರೆತ ಹಸಿರನ್ನು ಹರಡುತ್ತದೆ. ಅಂಥ ಮರವನ್ನು ಆರಿಸಿ ತಂದು ಎಲೆ, ಬೆಟ್ಟ, ಹಕ್ಕಿಗಳಿಗೆ ಬಳಸಿದರು. ಐದು ಶತಮಾನ ಕಳೆದ ಮೇಲೂ ಆ ಹಸಿರು ಉಳಿದಿದೆ. ಇಲ್ಲದ ಬಣ್ಣಕ್ಕಾಗಿ ಅವರು ಮತ್ತೆ ಕಾಡಿಗೇ ಹೋದರು.

ಮೈಸೂರಿನ ಕಲಾವಿದನ ಮುಂದೆ ಇಂದು ಇರುವ ಕವಲೂ ಇದೇ. ಒಂದು ದಾರಿಯಲ್ಲಿ ಬಣ್ಣ ಕುಡಿಸಿದ ಅಗ್ಗದ ಮರ, ಪ್ಲಾಸ್ಟಿಕ್ ತುಂಡು, ಯಂತ್ರದಲ್ಲಿ ಒಂದೇ ಅಚ್ಚಿನಂತೆ ಕತ್ತರಿಸಿದ ನೂರು ಆನೆಗಳಿವೆ. ಇವು ಬೇಗ ಆಗುತ್ತವೆ, ಕಡಿಮೆ ಬೆಲೆಗೆ ಮಾರುತ್ತವೆ, ಮನೆ ನಡೆಸಬೇಕಾದವನು ಇತ್ತ ವಾಲಿದರೆ ಅವನನ್ನು ದೂರುವುದು ಸಲ್ಲದು. ಇನ್ನೊಂದು ದಾರಿಯಲ್ಲಿ ಬೀಟೆಯನ್ನು ಮಿತವಾಗಿ ಬಳಸುತ್ತ, ತೋಟದ ಅಂಚಿನ ಹಲಸು, ಬಿರುಗಾಳಿಗೆ ಬಿದ್ದ ಮಾವು, ಹಾಲು ಬತ್ತಿದ ರಬ್ಬರ್ ಇವುಗಳ ಗುಣವನ್ನು ಹೊಸದಾಗಿ ಕಲಿಯುವುದಿದೆ. ರಬ್ಬರ್ ಮರ ಸುಮಾರು ಮೂರು ದಶಕ ಹಾಲು ಕೊಟ್ಟು ಕೊಡಲಿಗೆ ಸಲ್ಲುತ್ತದೆ. ಹಿಂದೆ ಆನೆಯನ್ನು ಕೊಂದು ಪಡೆಯುತ್ತಿದ್ದ ಬಿಳಿಯ ಜಾಗವನ್ನು, ದುಡಿದು ಮುಗಿಸಿದ ಒಂದು ಮರ ತುಂಬುವುದಾದರೆ ಅದು ಸಣ್ಣ ಸಾಧನೆಯಲ್ಲ.

ಈ ಎರಡನೆಯ ದಾರಿ ಕಲಾವಿದನೊಬ್ಬನಿಂದಲೇ ಸಾಗುವಂಥದ್ದಲ್ಲ. ಕೊಳ್ಳುವವರು ಬಣ್ಣ ಕುಡಿಸಿದ ಮರಕ್ಕೂ ತಾನೇ ಬಣ್ಣಗಟ್ಟಿದ ಮರಕ್ಕೂ ಇರುವ ವ್ಯತ್ಯಾಸವನ್ನು ಕಾಣಬೇಕು. ಕಂಡು, ಅದಕ್ಕೆ ತಕ್ಕ ಬೆಲೆ ಕೊಡಬೇಕು. ಮುಟ್ಟುಗೋಲು ಹಾಕಿಕೊಂಡ ಬೀಟೆ ಡಿಪೋಗಳಲ್ಲಿ ಬಿಸಿಲುಮಳೆಗೆ ಬಿದ್ದಿರುವ ಬದಲು ಅದರ ಸಣ್ಣ ತುಂಡುಗಳು ಕುಶಲಕರ್ಮಿಗೆ ನ್ಯಾಯವಾದ ದರದಲ್ಲಿ ತಲುಪಬೇಕು. ಕಳ್ಳಮರ ಎಷ್ಟೇ ಅಗ್ಗವಾಗಿ ಬಂದರೂ ಅದು ಕಸುಬಿನ ಬುಡಕ್ಕೇ ಇಟ್ಟ ಕೊಡಲಿ ಎಂಬುದನ್ನು ಕಸುಬಿನವರೂ ಒಪ್ಪಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೀಟೆಯನ್ನು ನೆಡುವವನಿಗೆ ಆ ಮರ ತನ್ನ ಮಕ್ಕಳ ಸ್ವತ್ತು ಎಂಬ ನೆಚ್ಚಿಕೆ ಮೂಡಬೇಕು.

ಲೆಕ್ಕ ಹಾಕಿದರೆ ಮಾತು ನೇರವಾಗಿದೆ. ಇಂದು ಮಂಡಿ ಮೊಹಲ್ಲದ ಒಂದು ಕೋಣೆಯಲ್ಲಿ ಗರಗಸದ ಕೆಳಗಿರುವ ಬೀಟೆ, ಅರಸರು ಇನ್ನೂ ಗದ್ದುಗೆಯ ಮೇಲಿದ್ದ ಕಾಲದಲ್ಲಿ ಎಲ್ಲಿಯೋ ಘಟ್ಟದ ಕಾಡಿನಲ್ಲಿ ಮೊಳೆತದ್ದಿರಬಹುದು. ಅದನ್ನು ಆಗ ಯಾರೂ ಈ ಚಿತ್ರಕ್ಕೆಂದು ನೆಟ್ಟಿರಲಿಲ್ಲ. ಕಾಡು ತಾನಾಗಿ ಬೆಳೆಸಿತ್ತು. ಮುಂದಿನ ಶತಮಾನದ ಕಲಾವಿದನಿಗೆ ಬೇಕಾಗುವ ಕಂದು, ನೇರಳೆ, ಕಪ್ಪು ಗೆರೆಗಳು ಈಗ ಸಸಿಗಳಾಗಿ ನೆಲದಲ್ಲಿರಬೇಕು, ಅವುಗಳ ಎಲೆ ಹಸಿರಾಗಿರಬೇಕು.